ಐದು ಜನ, ಒಂದು ನಕ್ಷೆ, ಕೋಲಾರದ ಕೆರೆಗಳು

ಅವತ್ತು ರಾತ್ರಿ ಹನ್ನೊಂದರ ಹೊತ್ತಿಗೆ ನಮ್ಮ ಐದು ಜನರ ಫೈಲುಗಳನ್ನು ಮೊದಲ ಸಲ ಒಂದೇ ನಕ್ಷೆಗೆ ಹಾಕಿದೆವು. ಮೂವರ ಕೆರೆಗಳು ಸರಿಯಾಗಿ ಬಂದು ಕೂತವು. ಇನ್ನಿಬ್ಬರ ಕೆರೆಗಳು ಕಾಣಲೇ ಇಲ್ಲ. ನಕ್ಷೆಯನ್ನು ಸರಿಸುತ್ತಾ ಹುಡುಕಿದೆವು. ಬೆಂಗಳೂರು ದಾಟಿತು, ಹಾಸನ ದಾಟಿತು, ಮಂಗಳೂರೂ ದಾಟಿತು. ಕೊನೆಗೆ ಸಿಕ್ಕಿದ್ದು ಅರಬ್ಬೀ ಸಮುದ್ರದಲ್ಲಿ, ಮಂಗಳೂರಿನಿಂದ ಹೆಚ್ಚುಕಡಿಮೆ 300 ಕಿಲೋಮೀಟರ್ ಆಚೆ. ಕೋಲಾರ ತಾಲ್ಲೂಕಿನ ಕೆರೆಗಳು, ಅದೇ ಆಕಾರ, ಅದೇ ಸಾಲು, ನಡುನೀರಿನಲ್ಲಿ.

ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಎರಡು ವಾರದ ಕೆಲಸ ಅದು.

ಎಂ.ಎಸ್ಸಿ. ಜಿಯೋಇನ್‌ಫರ್ಮ್ಯಾಟಿಕ್ಸ್ (ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಓದು) ಎರಡನೇ ವರ್ಷದ ಪ್ರಾಜೆಕ್ಟ್ ಇದು. ನಮಗಿದ್ದದ್ದು ಒಂದು ಸೆಮಿಸ್ಟರ್. ತಂಡದಲ್ಲಿ ಐದು ಜನ. ಮುಳಬಾಗಿಲಿನವಳು ಒಬ್ಬಳು, ಶಿರಸಿಯವಳು ಒಬ್ಬಳು, ಸಿಂಧನೂರಿನ ಗೆಳೆಯ, ಎಂಜಿನಿಯರಿಂಗ್ ಮುಗಿಸಿ ಬಂದಿದ್ದ ಬೆಂಗಳೂರಿನವನು, ಮತ್ತೆ ನಾನು. ಹೆಸರು ಬೇಡ, ಊರಿನ ಗುರುತಲ್ಲೇ ಹೇಳುತ್ತೇನೆ. ನಾವು ಹುಡುಕಲು ಹೊರಟದ್ದು ಒಂದೇ ಪ್ರಶ್ನೆಗೆ ಉತ್ತರ. ಕೋಲಾರದ ಪಶ್ಚಿಮ ಭಾಗದಲ್ಲಿ ಯಾವ ಕೆರೆ ತುಂಬಿದರೆ ನೀರು ಯಾವ ಕೆರೆಗೆ ಹೋಗುತ್ತದೆ, ಆ ಕೊಂಡಿ ಎಲ್ಲೆಲ್ಲಿ ಕಡಿದಿದೆ?

ಕೋಲಾರದಲ್ಲಿ ವರ್ಷಪೂರ್ತಿ ಹರಿಯುವ ಹೊಳೆ ಇಲ್ಲ. ಹಿಂದಿನವರು ಮಳೆನೀರನ್ನು ಕೆರೆಯಿಂದ ಕೆರೆಗೆ ಇಳಿಸುತ್ತಾ ಬಂದರು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರೂ ಈ ಸಾಲಿಗೇ ಬರುತ್ತಿದೆ. ಪೈಪಿನಲ್ಲಿ ಬಂದ ನೀರು ಮೊದಲು ಲಕ್ಷ್ಮೀಸಾಗರ ಕೆರೆಗೆ ಬೀಳುತ್ತದೆ. ಅಲ್ಲಿಂದ ಮುಂದೆ ಹಳೆಯ ಕಾಲುವೆಗಳೇ ದಾರಿ. ಹಾಗಾಗಿ ನಡುವೆ ಒಂದು ಕಾಲುವೆ ಮುಚ್ಚಿಹೋದರೆ ಕೆಳಗಿನ ಊರಿಗೆ ನೀರಿಲ್ಲ. ನಮ್ಮ ಪ್ರಶ್ನೆ ಮಾರ್ಕ್ಸಿಗಷ್ಟೇ ಇದ್ದದ್ದಲ್ಲ ಅಂತ ಇದಕ್ಕೇ ಹೇಳುತ್ತೇನೆ.

ಮೊದಲ ವಾರ ನಾವು ಮಾಡಿದ್ದು, ಅಣ್ಣತಮ್ಮಂದಿರು ಹೊಲ ಭಾಗ ಮಾಡಿಕೊಂಡ ಹಾಗೆ, ನಕ್ಷೆಯನ್ನು ಭಾಗ ಮಾಡಿಕೊಂಡದ್ದು. ಹೋಬಳಿಗೆ ಒಬ್ಬರು. ನರಸಾಪುರ ಇವಳಿಗೆ, ವಕ್ಕಲೇರಿ ಅವನಿಗೆ, ಹೀಗೆ. ಅವರವರ ಭಾಗದ ಕೆರೆಗಳನ್ನು ಅವರವರು ಉಪಗ್ರಹ ಚಿತ್ರ ನೋಡಿ ಗೆರೆ ಎಳೆಯುವುದು, ಕೊನೆಗೆ ಎಲ್ಲ ಸೇರಿಸುವುದು. ಕೇಳಲು ನ್ಯಾಯವಾಗಿಯೇ ಇತ್ತು. ಎಲ್ಲರಿಗೂ ಸಮನಾದ ಪಾಲು, ಯಾರೂ ಯಾರಿಗೂ ಕಾಯಬೇಕಿಲ್ಲ. ನಾವು ಎಡವಿದ್ದೇ ಅಲ್ಲಿ. ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ, ಹಾಗಾಗಿ ಎರಡು ವಾರ ಯಾರೂ ಕೇಳಲೇ ಇಲ್ಲ.

ಈಗ ಸಮುದ್ರದ ವಿಷಯ. ಗುಂಡಗಿರುವ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ತರಲು ಯುಟಿಎಂ ಅಂತ ಒಂದು ಪದ್ಧತಿ ಇದೆ. ಭೂಮಿಯನ್ನು ಉದ್ದಕ್ಕೆ 6 ಡಿಗ್ರಿ ಅಗಲದ 60 ಪಟ್ಟಿಗಳಾಗಿ ಸೀಳಿ, ಪ್ರತಿ ಪಟ್ಟಿಯಲ್ಲೂ ಅಳತೆಯನ್ನು ಹೊಸದಾಗಿ ಶುರು ಮಾಡುತ್ತಾರೆ. 72ರಿಂದ 78 ಡಿಗ್ರಿ ಪೂರ್ವ ರೇಖಾಂಶದವರೆಗೆ 43ನೇ ಪಟ್ಟಿ. 78ರಿಂದ 84ರವರೆಗೆ 44ನೇದು. ಕರ್ನಾಟಕದ ಹೆಚ್ಚುಪಾಲು ನೆಲ 43ರಲ್ಲೇ ಇದೆ, ಅದಕ್ಕೇ ನಮ್ಮಲ್ಲಿ ಎಲ್ಲರೂ ಕಣ್ಣುಮುಚ್ಚಿ 43 ಅಂತಾರೆ. ಆದರೆ 78ರ ಗೆರೆ ಸರಿಯಾಗಿ ಕೋಲಾರ ಜಿಲ್ಲೆಯ ಮೇಲೇ ಹಾದುಹೋಗುತ್ತದೆ. ಮಾಲೂರು ಗೆರೆಯ ಪಶ್ಚಿಮಕ್ಕೆ. ಕೋಲಾರ, ಬಂಗಾರಪೇಟೆ, ಮುಳಬಾಗಿಲು ಪೂರ್ವಕ್ಕೆ. ನರಸಾಪುರದ ಆಸುಪಾಸಿನಲ್ಲೇ ಗೆರೆ ದಾಟುತ್ತದೆ. ಅಂದರೆ ನಮ್ಮ ಕೆರೆ ಸಾಲು ಒಂದು ಪಟ್ಟಿಯಲ್ಲಿ ಹುಟ್ಟಿ ಇನ್ನೊಂದರಲ್ಲಿ ಇಳಿಯುತ್ತದೆ.

ಮೂವರು 43 ಇಟ್ಟುಕೊಂಡಿದ್ದರು. ಶಿರಸಿಯವಳು ಮತ್ತು ಸಿಂಧನೂರಿನವನು ತಮ್ಮ ಹೋಬಳಿ ಗೆರೆಯ ಪೂರ್ವಕ್ಕಿದೆ ಅಂತ ನೋಡಿಕೊಂಡು 44 ಇಟ್ಟಿದ್ದರು. ನಿಜ ಹೇಳಬೇಕಂದರೆ ಅವರಿಬ್ಬರೇ ಯೋಚನೆ ಮಾಡಿ ಇಟ್ಟವರು. ತಪ್ಪು ಮಾಡಿದ್ದು ನಾನು. ಸೇರಿಸುವಾಗ ಎಲ್ಲರದ್ದೂ ಒಂದೇ ಇರಲಿ ಅಂತ ಆ ಎರಡು ಫೈಲಿಗೆ 43 ಅಂತ ಚೀಟಿ ಅಂಟಿಸಿದೆ. ನಾವು ನಕ್ಷೆಗೆ ಬಳಸುತ್ತಿದ್ದ ಕ್ಯೂಜಿಐಎಸ್ ಪ್ರೋಗ್ರಾಂನಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಒಂದು, ಪದರಕ್ಕೆ ಅಳತೆ ಪದ್ಧತಿಯ ಹೆಸರು ಹೇಳುವುದು. ಇನ್ನೊಂದು, ಒಂದು ಪದ್ಧತಿಯಿಂದ ಇನ್ನೊಂದಕ್ಕೆ ಲೆಕ್ಕ ಹಾಕಿ ಬದಲಾಯಿಸುವುದು, ಅಂದರೆ ರೀಪ್ರಾಜೆಕ್ಟ್. ನಾನು ಮಾಡಿದ್ದು ಮೊದಲನೆಯದು. ಅಂಕಿಗಳು ಹಾಗೇ ಉಳಿದವು, ಹೆಸರು ಮಾತ್ರ ಬದಲಾಯಿತು. ಪಶ್ಚಿಮದಿಂದ ಪೂರ್ವಕ್ಕೆ ಅಳೆಯುವ ಅಂಕಿಯಲ್ಲಿ ಕೋಲಾರ ಪೇಟೆ 44ನೇ ಪಟ್ಟಿಯಲ್ಲಿ 1 ಲಕ್ಷ 89 ಸಾವಿರ ಮೀಟರಿನ ಹತ್ತಿರ ಬರುತ್ತದೆ. 43ರ ಲೆಕ್ಕದಲ್ಲಿ ಅದೇ ಜಾಗ 8 ಲಕ್ಷ 39 ಸಾವಿರದ ಹತ್ತಿರ. ಹಳೇ ಅಂಕಿಯನ್ನು ಹೊಸ ಪಟ್ಟಿಯಲ್ಲಿ ಓದಿದರೆ ಸರಿಯಾಗಿ 6 ಡಿಗ್ರಿ ಪಶ್ಚಿಮಕ್ಕೆ ಹೋಗುತ್ತದೆ. 78ರಿಂದ 72ಕ್ಕೆ. ಅಲ್ಲಿರುವುದು ಸಮುದ್ರ.

ಕಾರಣ ಗೊತ್ತಾದ ಮೇಲೆ ಸರಿಪಡಿಸಲು ಹತ್ತು ನಿಮಿಷ ಸಾಕಾಯಿತು. ಆ ಎರಡಕ್ಕೆ 44 ಅಂತ ವಾಪಸ್ ಹೇಳಿ, ಆಮೇಲೆ 43ಕ್ಕೆ ರೀಪ್ರಾಜೆಕ್ಟ್ ಮಾಡಿದೆವು. ಇಡೀ ಪ್ರಾಜೆಕ್ಟಿಗೆ ಇಪಿಎಸ್‌ಜಿ 32643 (43ನೇ ಪಟ್ಟಿಯ ಸಂಕೇತ ಸಂಖ್ಯೆ) ಅಂತ ಗೋಡೆ ಮೇಲೆ ಬರೆದು ಅಂಟಿಸಿದೆವು. ಪಟ್ಟಿಯ ಅಂಚಿನಿಂದ ಅಷ್ಟು ಸ್ವಲ್ಪ ಆಚೆ ಹೋದರೆ ವಿಸ್ತೀರ್ಣದಲ್ಲಿ ಸಾವಿರಕ್ಕೆ ಎರಡರಷ್ಟು ವ್ಯತ್ಯಾಸ ಬರಬಹುದು. ಕೆರೆಯ ಅಂಚು ಗುರುತಿಸುವಾಗ ನಮ್ಮ ಕೈಯಲ್ಲಿ ಆಗುತ್ತಿದ್ದ ತಪ್ಪು ಅದಕ್ಕಿಂತ ಎಷ್ಟೋ ದೊಡ್ಡದಿತ್ತು.

ಅಂಚು ಗುರುತಿಸುವ ಆ ತಪ್ಪು ಹೇಗೆ ಗೊತ್ತಾಯಿತು ಅಂತ ಹೇಳಲೇಬೇಕು. ನಮ್ಮ ಮೇಡಂ ಒಂದು ಕೆಲಸ ಕೊಟ್ಟರು. ಐದು ಜನರೂ ಒಂದೇ ಕೆರೆಯನ್ನು, ಒಬ್ಬರದ್ದು ಒಬ್ಬರು ನೋಡದೆ ಗುರುತಿಸಿ ತನ್ನಿ ಅಂದರು. ತಂದೆವು. ಅತಿ ಚಿಕ್ಕದಕ್ಕೂ ಅತಿ ದೊಡ್ಡದಕ್ಕೂ ಒಂದೂವರೆ ಪಟ್ಟು ವ್ಯತ್ಯಾಸ! ಒಬ್ಬರು ನೀರು ಇದ್ದಷ್ಟಕ್ಕೆ ಗೆರೆ ಎಳೆದಿದ್ದರು. ಒಬ್ಬರು ಒಣಗಿದ ಅಂಗಳವನ್ನೂ ಸೇರಿಸಿದ್ದರು. ಮತ್ತೊಬ್ಬರು ಏರಿಯನ್ನು ಕೆರೆಯ ಒಳಗೇ ಲೆಕ್ಕ ಹಿಡಿದಿದ್ದರು. ಜೊಂಡು ಬೆಳೆದ ಜಾಗವನ್ನು ಬೆಂಗಳೂರಿನವನು ಹೊಲ ಅಂದುಕೊಂಡಿದ್ದ. ಯಾರೂ ಅಸಡ್ಡೆ ಮಾಡಿರಲಿಲ್ಲ. ಕೆರೆ ಅಂದರೆ ಏನು ಅಂತ ನಾವು ಐವರೂ ಕೂತು ಮಾತಾಡಿರಲಿಲ್ಲ, ಅಷ್ಟೇ. ಶಿರಸಿ ಕಡೆಯ ಕೆರೆ ಕಂಡು ಬೆಳೆದವಳಿಗೆ ಒಣಗಿದ ಕೆರೆ ಕೆರೆಯಾಗಿ ಕಾಣುವುದು ಸುಲಭವಲ್ಲ. ಮುಳಬಾಗಿಲಿನವಳು ಚಿಕ್ಕಂದಿನಲ್ಲಿ ಒಣಗಿದ ಕೆರೆಯಂಗಳದಲ್ಲೇ ಆಡಿದವಳು.

ತಂಡದ ಕೆಲಸ ಶುರು ಮಾಡುವ ಯಾರಿಗಾದರೂ ನಾನು ಮೊದಲು ಹೇಳುವುದು ಈ ಪರೀಕ್ಷೆಯನ್ನೇ. ಕೆಲಸ ಹಂಚುವ ಮುಂಚೆ ಎಲ್ಲರೂ ಒಂದೇ ವಸ್ತುವನ್ನು ಗುರುತಿಸಿ ನೋಡಿ. ಒಂದು ಮಧ್ಯಾಹ್ನ ಸಾಕು.

ಅದಾದ ಮೇಲೆ ಎರಡು ಗೆರೆ ಅಂತ ತೀರ್ಮಾನ ಮಾಡಿದೆವು. ಒಂದು, ಕೋಡಿಯ ಮಟ್ಟಕ್ಕೆ ತುಂಬಿದರೆ ನೀರು ಎಲ್ಲಿಯವರೆಗೆ ನಿಲ್ಲುತ್ತದೆಯೋ ಆ ಅಂಚು. ಇನ್ನೊಂದು, ಚಿತ್ರ ತೆಗೆದ ದಿನ ನೀರು ಇದ್ದ ಅಂಚು. ಎರಡನೆಯದನ್ನು ಕೈಯಲ್ಲಿ ಎಳೆಯಲಿಲ್ಲ. ಸೆಂಟಿನೆಲ್-2 ಉಪಗ್ರಹದ ಹಸಿರು ಬ್ಯಾಂಡ್ ಮತ್ತು ಇನ್‌ಫ್ರಾರೆಡ್ ಬ್ಯಾಂಡ್ ಹಿಡಿದು ನೀರಿನ ಸೂಚ್ಯಂಕ ಲೆಕ್ಕ ಹಾಕಿದೆವು. ಹಸಿರಿನಿಂದ ಇನ್‌ಫ್ರಾರೆಡ್ ಕಳೆದು, ಎರಡರ ಮೊತ್ತದಿಂದ ಭಾಗಿಸುವುದು. ನೀರು ಇನ್‌ಫ್ರಾರೆಡ್ ಬೆಳಕನ್ನು ಹೀರಿಕೊಳ್ಳುವುದರಿಂದ ಉತ್ತರ ಸಾಮಾನ್ಯವಾಗಿ ಸೊನ್ನೆಗಿಂತ ಮೇಲೆ ಬರುತ್ತದೆ. ಜೊಂಡು, ಅಂತರಗಂಗೆ ಗಿಡ ಮುಚ್ಚಿದ ಕಡೆ ಈ ಲೆಕ್ಕ ಕೈಕೊಡುತ್ತದೆ. ಎಲೆ ಕಾಣುತ್ತದೆಯೇ ಹೊರತು ಕೆಳಗಿನ ನೀರು ಕಾಣುವುದಿಲ್ಲ. ಅಂಥ ಕೆರೆಗಳಿಗೆ ನಡೆದೇ ಹೋಗಬೇಕಾಯಿತು.

ಆ ಚಿತ್ರದ ಒಂದು ಚೌಕ 10 ಮೀಟರ್ ಅಗಲ, 10 ಮೀಟರ್ ಉದ್ದ. ಅಂದರೆ 100 ಚದರ ಮೀಟರ್, ಹೆಚ್ಚುಕಡಿಮೆ ಒಂದು ಗುಂಟೆ. ಇದನ್ನು ಹೇಳಿದವನು ಸಿಂಧನೂರಿನವನು. ಅವನು ಅಲ್ಲಿಯವರೆಗೆ ನಮ್ಮ ಮೀಟಿಂಗ್‌ಗಳಲ್ಲಿ ಬಾಯಿ ಬಿಟ್ಟದ್ದೇ ಕಡಿಮೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವನು. ನಾವು ಮಾತ್ರ ಅಭ್ಯಾಸಬಲದಿಂದ ಇಂಗ್ಲಿಷಿನಲ್ಲೇ ಚರ್ಚೆ ಮಾಡುತ್ತಿದ್ದೆವು. ಒಂದು ದಿನ ಮುಳಬಾಗಿಲಿನವಳು "ಇನ್ಮೇಲೆ ಕನ್ನಡದಲ್ಲೇ ಮಾತಾಡೋಣ ಕಣ್ರೋ" ಅಂದಳು. ಅವತ್ತೇ ಅವನು ಎರಡು ವಿಷಯ ಎತ್ತಿದ. ಒಂದು ಚೌಕ ಅಂದರೆ ಒಂದು ಗುಂಟೆ, ಹಾಗಿದ್ದರೆ ಅರ್ಧ ಎಕರೆ ಕುಂಟೆಗೆ (ಸಣ್ಣ ಕೊಳಕ್ಕೆ) ಬರೋದು ಇಪ್ಪತ್ತೇ ಚೌಕ, ಅದರಲ್ಲೂ ಅರ್ಧಕ್ಕರ್ಧ ಅಂಚಿನವು, ಮಣ್ಣು ನೀರು ಎರಡೂ ಸೇರಿದವು, ಅದನ್ನು ಹೇಗೆ ನಂಬೋದು? ಇನ್ನೊಂದು, "ನಾವು ತಗೊಂಡಿರೋದು ಮೇ ತಿಂಗಳ ಚಿತ್ರ. ಇಲ್ಲಿ ಮಳೆ ಜಾಸ್ತಿ ಬೀಳೋದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಜನವರಿದು ಯಾಕೆ ನೋಡಬಾರದು?" ಎರಡೂ ಸರಿ. ಎರಡೂ ಅವನಿಗೆ ಮೊದಲ ವಾರದಿಂದಲೇ ಹೊಳೆದಿದ್ದವಂತೆ. ಅದನ್ನು ಕೇಳಿ ನನಗೆ ತುಂಬಾ ಬೇಸರವಾಯಿತು. ನಮ್ಮ ಪಕ್ಕದಲ್ಲೇ ಉತ್ತರ ಇತ್ತು, ನಾವು ಮಾತಾಡುತ್ತಿದ್ದ ಭಾಷೆಯಿಂದಾಗಿ ಅದು ಹೊರಗೆ ಬಂದಿರಲಿಲ್ಲ.

ಅಲ್ಲಿಂದ ಕೆಲಸದ ಹಂಚಿಕೆಯನ್ನೂ ಬದಲಾಯಿಸಿದೆವು. ಹೋಬಳಿ ಬಿಟ್ಟೆವು. ಹೋಬಳಿ ಗೆರೆಗೂ ನೀರಿಗೂ ಸಂಬಂಧ ಇಲ್ಲ ಅಲ್ವಾ? ಒಬ್ಬರ ಪಾಲಿನ ಕೊನೆಯ ಕೆರೆಯ ಕೋಡಿ ಇನ್ನೊಬ್ಬರ ಪಾಲಿನ ಮೊದಲ ಕೆರೆಗೆ ಬೀಳುತ್ತದೆ. ಆ ಜಾಗವನ್ನು ಇಬ್ಬರೂ ನೋಡಿರಲಿಲ್ಲ. ನಮ್ಮ ಮೊದಲ ನಕ್ಷೆಯಲ್ಲಿ ಕಡಿದುಹೋದ ಕೊಂಡಿಗಳೆಲ್ಲ ಹೋಬಳಿ ಗಡಿಯ ಮೇಲೇ ಇದ್ದವು. ನೆಲದ ಮೇಲೆ ಕಡಿದಿದ್ದರಿಂದ ಅಲ್ಲ, ನಾವು ಕಡಿದಿದ್ದರಿಂದ. ಹಾಗಾಗಿ ಕೆರೆಗಳ ಸಾಲನ್ನೇ ಘಟಕ ಮಾಡಿಕೊಂಡೆವು. ಮೇಲಿನ ಕುಂಟೆಯಿಂದ ಕೆಳಗಿನ ದೊಡ್ಡ ಕೆರೆಯವರೆಗೆ ಒಂದು ಸಾಲು, ಅದಕ್ಕೆ ಇಬ್ಬರು. ಒಬ್ಬರು ಕಂಪ್ಯೂಟರ್ ಮುಂದೆ, ಒಬ್ಬರು ಕೆರೆ ಏರಿ ಮೇಲೆ. ಮುಂದಿನ ವಾರ ಅದಲುಬದಲು. ಐದನೆಯವರು ಆ ವಾರದ ಕೀಲಿಕೈ. ಮುಖ್ಯ ಫೈಲಿಗೆ ಕೈ ಹಾಕುವ ಹಕ್ಕು ಅವರೊಬ್ಬರಿಗೇ.

ಈ ಅದಲುಬದಲಿನಿಂದ ಇನ್ನೊಂದು ಒಳ್ಳೆಯದಾಯಿತು. ಅಲ್ಲಿಯವರೆಗೆ ಒಳ್ಳೆಯ ಲ್ಯಾಪ್‌ಟಾಪ್ ಇದ್ದದ್ದು ಬೆಂಗಳೂರಿನವನ ಹತ್ತಿರ. ಹಾಗಾಗಿ ವಿಶ್ಲೇಷಣೆಯೆಲ್ಲ ಅವನದ್ದು, ನಾವು ಹಿಂದೆ ನಿಂತು ನೋಡುವವರು. ಅವನು ರಾತ್ರಿಯೆಲ್ಲ ಕೂತು ದಣಿದಿದ್ದ, ನಾವು ಏನೂ ಕಲಿಯದೆ ಕೂತಿದ್ದೆವು. ಇಬ್ಬರಿಗೂ ಸಿಟ್ಟು. ಡಿಪಾರ್ಟ್‌ಮೆಂಟಿನ ಲ್ಯಾಬನ್ನು ಸಂಜೆ 8ರವರೆಗೆ ತೆರೆದಿಡಲು ಕೇಳಿಕೊಂಡೆವು, ಒಪ್ಪಿದರು. ಅವನು ಮೊದಲ ಸಲ ಜಾಲಿ ಮುಳ್ಳಿನ ನಡುವೆ ನುಗ್ಗಿ ತೂಬು ಹುಡುಕಿ ಬಂದ ದಿನ ಎಷ್ಟು ಖುಷಿಯಾಗಿದ್ದ ಅಂದರೆ, ಫೋಟೋ ತೋರಿಸುತ್ತಲೇ ಇದ್ದ.

ಫೈಲಿನ ವಿಷಯದಲ್ಲಿ ಎರಡು ಸಲ ಪೆಟ್ಟು ತಿಂದೆವು. ಮೊದಲು ನಕ್ಷೆಯ ಮಾಹಿತಿ ಇಡಲು ಶೇಪ್‌ಫೈಲ್ ಅನ್ನುವ ಮಾದರಿ ಬಳಸುತ್ತಿದ್ದೆವು. ಹೆಸರು ಒಂದು, ಒಳಗೆ ನಾಲ್ಕೈದು ಫೈಲು. ಯಾರೋ ಒಂದನ್ನು ಬಿಟ್ಟು ಕಳಿಸುತ್ತಿದ್ದರು, ತೆರೆಯುತ್ತಿರಲಿಲ್ಲ. ಅದರಲ್ಲಿ ಕಾಲಂ ಹೆಸರು 10 ಬೈಟ್ ದಾಟುವಂತಿಲ್ಲ. ಕನ್ನಡದಲ್ಲಿ ಅಕ್ಷರಕ್ಕೆ 3 ಬೈಟ್, ಗುಣಿತಾಕ್ಷರವಾದರೆ 6. 'ಕೆರೆ' ಅನ್ನುವುದಕ್ಕೇ 12 ಬೈಟ್ ಬೇಕು! ಊರಿನ ಹೆಸರುಗಳೂ ಒಬ್ಬರ ಕಂಪ್ಯೂಟರಿನಲ್ಲಿ ಕನ್ನಡವಾಗಿ, ಇನ್ನೊಬ್ಬರದ್ದರಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿ ಬರುತ್ತಿದ್ದವು. ಎಲ್ಲ ಬಿಟ್ಟು ಜಿಯೋಪ್ಯಾಕೇಜ್ ಅನ್ನುವ ಇನ್ನೊಂದು ಮಾದರಿಗೆ ಬಂದೆವು. ಒಂದೇ ಫೈಲು, ಕನ್ನಡ ಸಲೀಸು. ಆದರೆ ಕ್ಯೂಜಿಐಎಸ್ ತೆರೆದಿರುವಾಗ ಅದರ ಪಕ್ಕ ಒಂದು ಚಿಕ್ಕ ತಾತ್ಕಾಲಿಕ ಫೈಲು ಹುಟ್ಟುತ್ತದೆ, ಹೊಸ ತಿದ್ದುಪಡಿಗಳು ಕೆಲಹೊತ್ತು ಅದರಲ್ಲೇ ಇರಬಹುದು. ಮುಚ್ಚದೆ ದೊಡ್ಡ ಫೈಲನ್ನಷ್ಟೇ ಕಾಪಿ ಮಾಡಿದರೆ ಅವು ಬರುವುದಿಲ್ಲ. ಶಿರಸಿಯವಳ ಒಂದು ದಿನದ ಕೆಲಸ ಹಾಗೆ ಹೋಯಿತು. ಆಮೇಲೆ ನಿಯಮ ಬಿಗಿ ಮಾಡಿದೆವು. ಸಂಜೆ ಪ್ರೋಗ್ರಾಂ ಮುಚ್ಚಿ, ದಿನಾಂಕ ಹಾಕಿ, ಕೀಲಿಕೈ ಇರುವವರಿಗೆ ಕಳಿಸುವುದು.

ಊರಿನ ಕೆಲಸಕ್ಕೆ ಮೊಬೈಲಿನಲ್ಲಿ ಕ್ಯೂಫೀಲ್ಡ್ ಅನ್ನುವ ನಕ್ಷೆ ಆ್ಯಪ್ ಹಾಕಿಕೊಂಡೆವು. ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ. ಬಯಲಲ್ಲಿ ಮೊಬೈಲಿನ ಜಿಪಿಎಸ್ ಐದಾರು ಮೀಟರ್ ಒಳಗೆ ಹೇಳುತ್ತಿತ್ತು, ಮರದಡಿ ಅಷ್ಟು ನಂಬುವಂತಿರಲಿಲ್ಲ. ಕೋಡಿ, ತೂಬು, ಕಾಲುವೆ ಬಾಯಿ, ಮುಚ್ಚಿದ ಜಾಗ, ಹೀಗೆ ಗುರುತುಗಳು. ಇಲ್ಲೂ ಒಂದು ತಮಾಷೆಯಲ್ಲದ ಗೊಂದಲ. ಆ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು ಮಾತಾಡುತ್ತಾರೆ. ಅವರು ಕೋಡಿಗೆ ಮರವ ಅನ್ನುತ್ತಾರೆ. ಬೆಂಗಳೂರಿನವನು ಕೋಡಿಯನ್ನು ಒಂದು, ಮರವವನ್ನು ಇನ್ನೊಂದು ಅಂತ ಬರೆದುಕೊಂಡು ಬಂದಿದ್ದ. ಒಂದೇ ಕೆರೆಗೆ ಎರಡು ಹೊರದಾರಿ! ತೆಲುಗು ಬರುವ ಮುಳಬಾಗಿಲಿನವಳು ನೋಡಿ ಸರಿಮಾಡಿದಳು.

ಮೊದಲ ದಿನ ನಾವು "ಸರ್ವೆ ಮಾಡ್ತಿದೀವಿ" ಅಂದಾಗ ಒಬ್ಬ ತಾತನ ಮುಖ ಬದಲಾಯಿತು. "ಯಾರ್ ಜಮೀನು ಹೋಗ್ತದಪ್ಪ?" ಅಂತ ಕೇಳಿದರು. ಕೈಗಾರಿಕೆಗೆ ಜಮೀನು ಹೋದ ಕಡೆ ಆ ಮಾತಿಗೆ ಇರುವ ಭಾರ ನಮಗೆ ಗೊತ್ತಿರಲಿಲ್ಲ. ಆಮೇಲೆ ಪಂಚಾಯ್ತಿಗೆ ಪತ್ರ ಕೊಟ್ಟು, ಮೊಬೈಲಿನಲ್ಲಿ ನಕ್ಷೆ ತೋರಿಸಿ, ಇದು ಕೆರೆ ನೀರಿನ ದಾರಿ ನೋಡುವ ಓದಿನ ಕೆಲಸ ಅಂತ ಹೇಳಿಯೇ ಮುಂದೆ ಹೋದೆವು. ಕಾಲುವೆ ಒತ್ತುವರಿ ಆದ ಕಡೆ ಏನು ಬರೆಯಬೇಕು ಅಂತ ನಮ್ಮೊಳಗೆ ಜೋರು ವಾದವಾಯಿತು. ದಿಶಾಂಕ್ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ. ಹಾಕಬೇಕು ಅಂದರು ಇಬ್ಬರು. ಬೇಡ ಅಂದೆವು ಮೂವರು. ನಮ್ಮ ಜಿಪಿಎಸ್ ಐದಾರು ಮೀಟರ್ ತಪ್ಪಬಹುದು, ಕಾಲುವೆ ಇರುವುದೇ ಅಷ್ಟಗಲ. ಇನ್ನೊಬ್ಬರ ಹೊಲದ ಮೇಲೆ ಸುಮ್ನೆ ಆರೋಪ ಬರೆದಂತಾಗುತ್ತದೆ. ಕೊನೆಗೆ 'ಇಲ್ಲಿ ಹರಿವು ನಿಂತಿದೆ' ಅಂತ ಮಾತ್ರ ಬರೆದೆವು. ಅದು ಸರಿ ಅಂತ ಈಗಲೂ ನನಗೆ ಅನಿಸುತ್ತದೆ.

ನನಗೆ ಅತಿ ಹೆಚ್ಚು ಕಲಿಸಿದ್ದು ಕೋಡಿಯೇ. ಎತ್ತರದ ಮಾಹಿತಿಗೆ ನಾವು ಬಳಸಿದ್ದು ಎಸ್‌ಆರ್‌ಟಿಎಂ. 2000ನೇ ಇಸವಿಯ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರಾಡಾರ್ ಹಿಡಿದು ಅಳೆದದ್ದು, ಸುಮಾರು 30 ಮೀಟರಿಗೆ ಒಂದು ಎತ್ತರ. ಅದರಿಂದ ನೀರಿನ ದಾರಿ ತೆಗೆಯುವಾಗ ಮೊದಲ ಹೆಜ್ಜೆ ತಗ್ಗುಗಳನ್ನು ತುಂಬುವುದು, ಇಲ್ಲದಿದ್ದರೆ ಲೆಕ್ಕದ ನೀರು ತಗ್ಗಿನಲ್ಲೇ ನಿಂತುಬಿಡುತ್ತದೆ. ಆದರೆ ಕೆರೆ ಅಂದರೆ ಬೇಕಂತಲೇ ಮಾಡಿದ ತಗ್ಗು! ಅದನ್ನು ತುಂಬಿ ಸಪಾಟು ಮಾಡಿದ ಕಂಪ್ಯೂಟರ್, ಏರಿಯ ನಟ್ಟನಡುವೆ, ಹಳ್ಳದ ಹಳೇ ಜಾಡು ಇದ್ದ ಕಡೆ ನೀರನ್ನು ದಾಟಿಸಿಬಿಡುತ್ತಿತ್ತು. ನಿಜದಲ್ಲಿ ಏರಿಯ ಮೇಲೆ ನೀರು ಹೋದರೆ ಕೆರೆ ಒಡೆದಂತೆ. ನೀರು ಹೋಗುವುದು ಏರಿಯ ತುದಿಯ ಕೋಡಿಯಿಂದ, ಕೆಲವು ಸಲ ಪಕ್ಕದ ಬೇರೆಯದೇ ಹಳ್ಳಕ್ಕೆ. ಒಂದು ಕಡೆ ನಮ್ಮ ಲೆಕ್ಕ ಬಲಗಡೆಯ ಕೆರೆಗೆ ನೀರು ಕಳಿಸಿತ್ತು. ಅಲ್ಲಿಯ ವಯಸ್ಸಾದ ನೀರುಗಂಟಿ (ಕೆರೆ ನೀರು ಬಿಡುವ ಕೆಲಸದವರು) ಏರಿ ಮೇಲೆ ನಡೆಸಿಕೊಂಡು ಹೋಗಿ ಎಡತುದಿಯ ಕಲ್ಲುಕಟ್ಟಡ ತೋರಿಸಿದರು. "ಕೋಡಿ ಇಲ್ಲೈತೆ. ನೀರು ಆ ಕಡೆ ಹೆಂಗೋಗ್ತದೆ?" ಅಷ್ಟೇ ಅಂದದ್ದು. ಲ್ಯಾಬಿಗೆ ಬಂದು ಕೋಡಿಯ ಬಿಂದುವಿನಲ್ಲಿ ಎತ್ತರ ಇಳಿಸಿ, ಏರಿಯ ಗೆರೆಯನ್ನು ಗೋಡೆಯಂತೆ ಎತ್ತರಿಸಿ, ಮತ್ತೆ ಲೆಕ್ಕ ಹಾಕಿದೆವು. ಸಾಲು ಬದಲಾಯಿತು. ಆ ವಾರ ಏರಿಯ ಮೇಲೆ ನಡೆದವಳು ಶಿರಸಿಯವಳು, ಲ್ಯಾಬಿನಲ್ಲಿದ್ದವನು ನಾನು. ಅವಳು ಫೋನಿನಲ್ಲಿ ಹೇಳುತ್ತಾ ಹೋದಳು, ನಾನು ಗೆರೆ ತಿದ್ದುತ್ತಾ ಹೋದೆ. ಇಬ್ಬರಲ್ಲಿ ಒಬ್ಬರಿಂದಲೇ ಆಗುವ ಕೆಲಸ ಅದಾಗಿರಲಿಲ್ಲ.

ಅಂದಿನಿಂದ ಪ್ರತಿ ಗುರುತಿಗೂ ಎರಡು ಕಾಲಂ ಸೇರಿಸಿದೆವು. ಗುರುತಿಸಿದವರು ಯಾರು, ಹೇಗೆ ಗೊತ್ತಾಯಿತು. ಕಣ್ಣಾರೆ ನೋಡಿದ್ದು, ಚಿತ್ರದಲ್ಲಿ ಕಂಡದ್ದು, ಊರವರು ಹೇಳಿದ್ದು, ಲೆಕ್ಕದಿಂದ ಬಂದದ್ದು, ಈ ನಾಲ್ಕರಲ್ಲಿ ಒಂದು. ತಪ್ಪು ಸಿಕ್ಕಾಗ ಜಗಳ ಆಡುವುದು ಇದರಿಂದ ನಿಂತಿತು. ಯಾರನ್ನು ಕೇಳಬೇಕು ಅಂತ ಗೊತ್ತಿರುತ್ತಿತ್ತು, ಕೇಳುತ್ತಿದ್ದೆವು.

ಸೆಮಿನಾರ್ ಮುಗಿದು, ಮಾರ್ಕ್ಸ್ ಬಂದ ಮೇಲೆ ನಕ್ಷೆಯನ್ನು ಕನ್ನಡದಲ್ಲೇ ದೊಡ್ಡದಾಗಿ ಪ್ರಿಂಟ್ ಮಾಡಿಸಿ ಎರಡು ಪಂಚಾಯ್ತಿಗೆ ಕೊಡಲು ಹೋದೆವು. ಒಂದು ಊರಿನಲ್ಲಿ ಪಂಚಾಯ್ತಿ ಕಚೇರಿ ಇನ್ನೂ ತೆರೆದಿರಲಿಲ್ಲ. ಹಾಲಿನ ಡೇರಿ ಕಟ್ಟೆಯ ಮೇಲೆ ಹರಡಿ ಕೂತೆವು. ಹಾಲು ಹಾಕಲು ಬಂದ ಹೆಂಗಸರು ಸುತ್ತ ನಿಂತರು. ಒಬ್ಬ ಅಕ್ಕ ತಮ್ಮೂರಿನ ದೇವಸ್ಥಾನ ಹುಡುಕಿ, ಅಲ್ಲಿಂದ ಬೆರಳಿಟ್ಟು ಕಾಲುದಾರಿ ಹಿಡಿದು ಬಂದು, "ಇಲ್ಲೊಂದು ಕುಂಟೆ ಐತಲ್ಲ, ಹಾಕೇ ಇಲ್ಲ? ನಾವು ದಿನಾ ದನಕ್ಕೆ ನೀರು ಕುಡಿಸೋದು ಅಲ್ಲೇ" ಅಂದರು. ಹೋಗಿ ನೋಡಿದೆವು. ಹೊಂಗೆ ಮರಗಳ ಕೆಳಗೆ ಪುಟ್ಟ ಕುಂಟೆ, ನಾಲ್ಕೈದು ಗುಂಟೆ ಇರಬಹುದು. ಉಪಗ್ರಹಕ್ಕೆ ಕಂಡದ್ದು ಬರೀ ಮರದ ತಲೆ.

ಅಲ್ಲೇ ನಿಂತು ಮೊಬೈಲಿನಲ್ಲಿ ಗುರುತು ಹಾಕಿದೆವು. ಆ ವಾರದ ಕೀಲಿಕೈ ಸಿಂಧನೂರಿನವನ ಹತ್ತಿರ ಇತ್ತು. ಗುರುತಿಸಿದವರು ಅನ್ನುವ ಕಾಲಂಗೆ ಬಂದಾಗ ಅವನು ನಮ್ಮ ಐವರಲ್ಲಿ ಯಾರ ಹೆಸರನ್ನೂ ಹಾಕಲಿಲ್ಲ. 'ಊರಿನವರು' ಅಂತ ಬರೆದ.